ಏಳನೇ ಪುಡಿ

ಏಳನೇ ಪುಡಿ ಪೂರ್ತಿ ಬಿಳಿಯಾಗಿರಲಿಲ್ಲ. ಫಿಲ್ಟರ್ ಕಾಗದದ ಮೇಲೆ ಒಣಗಲು ಹರಡಿದಾಗಲೇ ಅದರಲ್ಲಿ ತಿಳಿ ಹಸಿರು ಛಾಯೆ ಕಂಡಿತ್ತು. ಅದಕ್ಕೆ ಮುಂಚೆ ಮಾಡಿದ್ದ ಆರೂ ಅಚ್ಚ ಬಿಳಿ. ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದೆ, ಮೇಡಂಗೂ ತೋರಿಸಿದೆ. ಈ ಅಣುವಿನಲ್ಲಿ ಮಾತ್ರ ಪಿರಿಡಿನ್ ಎಂಬ ಪರಮಾಣುಗಳ ಉಂಗುರವಿತ್ತು, ಬಣ್ಣ ಅದರಿಂದ ಬಂದಿರಬಹುದು ಎಂದುಕೊಂಡೆವು. ಮಾರನೆಯ ದಿನ ಎಂಟನೆಯದನ್ನು ಮಾಡಲು ಕೂತೆ.

ಆಗ ನಾನು ತಮಿಳುನಾಡಿನ ದಿಂಡಿಗಲ್ ಹೊರವಲಯದ ಒಂದು ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಎರಡನೇ ವರ್ಷದಲ್ಲಿದ್ದೆ. ಔಷಧ ವಿನ್ಯಾಸ ನನ್ನ ವಿಷಯ. ಊರು ಕಂಬಂ ಪಕ್ಕ, ಅಪ್ಪನದು ದ್ರಾಕ್ಷಿ ತೋಟ. ನಮ್ಮ ಮನೆಮಾತು ತಮಿಳು ಬೆರೆತ ಕನ್ನಡವಾದರೂ ಓದು ಬರಹವೆಲ್ಲ ತಮಿಳು, ಇಂಗ್ಲಿಷಿನಲ್ಲಿ; ಈ ಲಿಪಿಯನ್ನು ಕಲಿತದ್ದು ಆಮೇಲೆ. ಮೇಡಂ ಎಂದರೆ ನನ್ನ ಗೈಡ್. ಅವರು ತಮಿಳಿನವರು, ಅವರೊಂದಿಗಿನ ಮಾತೆಲ್ಲ ತಮಿಳಿನಲ್ಲೇ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗಾಯಗಳಲ್ಲಿ ಕೀವು ತರಿಸುವ ಒಂದು ಬ್ಯಾಕ್ಟೀರಿಯಾ ಇದೆ. ಅದು ಬದುಕಲು ಬೇಕಾದ ಒಂದು ಪ್ರೋಟೀನಿನ ಗುಳಿಯಲ್ಲಿ ಹೋಗಿ ಕೂತು ಅದರ ಕೆಲಸ ನಿಲ್ಲಿಸುವಂಥ ಅಣುಗಳನ್ನು ಕಂಪ್ಯೂಟರಿನಲ್ಲಿ ರಚಿಸಬೇಕು. ಚೆನ್ನಾಗಿ ಹೊಂದಿಕೊಳ್ಳುವ ಹನ್ನೆರಡನ್ನು ಆರಿಸಿ ಲ್ಯಾಬಿನಲ್ಲಿ ತಯಾರಿಸಬೇಕು. ಆಮೇಲೆ ಆ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಬೇಕು. ನನ್ನ ಪ್ರಬಂಧದ ಕೆಲಸ ಇಷ್ಟೇ. ಕಂಪ್ಯೂಟರಿನ ಭಾಗ ಎರಡು ತಿಂಗಳಲ್ಲಿ ಮುಗಿಯಿತು. ತಯಾರಿಕೆ ಹಾಗೆ ಮುಗಿಯಲಿಲ್ಲ.

ಪ್ರತಿ ಅಣುವೂ ಎರಡು ತುಂಡುಗಳನ್ನು ಬೆಸೆದು ಮಾಡುವಂಥದ್ದು. ಬೆಸೆಯಲು ಚಿಟಿಕೆಯಷ್ಟು ಮೈಲುತುತ್ತ ಬೇಕು, ಅಂದರೆ ತಾಮ್ರದ ಉಪ್ಪು. ಎಲ್ಲವನ್ನೂ ಫ್ಲಾಸ್ಕಿಗೆ ಹಾಕಿ, ಕಾಂತದ ಕಡ್ಡಿ ಬಿಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗಿಸುವುದು. ಐಸ್ ನೀರಿಗೆ ಸುರಿದರೆ ಪುಡಿ ಕೆಳಗೆ ಕೂರುತ್ತದೆ. ಸೋಸಿ, ತೊಳೆದು, ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ ಮತ್ತೆ ಹರಳು ಕಟ್ಟಿಸುವುದು. ನಾವು ಅನುಸರಿಸುತ್ತಿದ್ದ ವಿಧಾನದಲ್ಲಿ ಪುಡಿಯನ್ನು ತೆಳು ಅಮೋನಿಯಾ ನೀರಿನಲ್ಲಿ ತೊಳೆಯಬೇಕು ಎಂದಿತ್ತು. ನಾನು ಮೊದಲನೆಯದನ್ನು ಮಾಡಿದ ದಿನ ಅಮೋನಿಯಾ ಸೀಸೆ ಖಾಲಿಯಾಗಿತ್ತು. ಬರೀ ನೀರಿನಲ್ಲಿ ಮೂರು ಸಲ ತೊಳೆದೆ, ಪುಡಿ ಬಿಳಿಯಾಗಿಯೇ ಬಂತು. ವಾರದ ಮೇಲೆ ಹೊಸ ಸೀಸೆ ಬಂದರೂ ನಾನು ನೀರಿನಲ್ಲೇ ಮುಂದುವರಿಸಿದೆ. ಯಾರೂ ಹೇಳಿಕೊಟ್ಟದ್ದಲ್ಲ.

ಹನ್ನೆರಡೂ ಆದ ಮೇಲೆ ಬ್ಯಾಕ್ಟೀರಿಯಾ ಪರೀಕ್ಷೆ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಅಟೆಂಡರ್ ಇದ್ದರು, ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಗಾಜಿನ ತಟ್ಟೆಗಳಿಗೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪಾಕ ಸುರಿಯುವುದರಲ್ಲಿ ಅವರ ಕೈ ಕಾಲೇಜಿಗೇ ಪ್ರಸಿದ್ಧ. ಅಗರ್ ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಸವರಿ, ಅಲ್ಲಲ್ಲಿ ಸಣ್ಣ ಕುಳಿ ತೋಡಿ, ಒಂದೊಂದು ಕುಳಿಗೆ ಒಂದೊಂದು ಪುಡಿಯ ದ್ರಾವಣ ಬಿಟ್ಟು ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಮಾರನೆಯ ದಿನಕ್ಕೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮಬ್ಬಾಗಿ ಹರಡಿರುತ್ತದೆ. ಔಷಧ ಕೆಲಸ ಮಾಡಿದ್ದರೆ ಕುಳಿಯ ಸುತ್ತ ತಿಳಿಯಾದ ಒಂದು ವೃತ್ತ ಕಾಣುತ್ತದೆ.

ಹನ್ನೊಂದು ಕುಳಿಗಳ ಸುತ್ತ ಏನೂ ಇರಲಿಲ್ಲ. ಏಳನೆಯದರ ಸುತ್ತ ಒಳ್ಳೆ ರೂಪಾಯಿ ನಾಣ್ಯದಷ್ಟು ವೃತ್ತ.

ಮೂರು ಸಲ ಮಾಡಿದೆವು, ಮೂರು ಸಲವೂ ಅಷ್ಟೇ. ಕಂಪ್ಯೂಟರಿನಲ್ಲಿಯೂ ಎಲ್ಲಕ್ಕಿಂತ ಚೆನ್ನಾಗಿ ಹೊಂದಿಕೊಂಡಿದ್ದದ್ದು ಏಳನೆಯದೇ ಆಗಿದ್ದರಿಂದ ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೇಡಂ ಹೊಗಳುವವರಲ್ಲ. ಆ ದಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ತಮ್ಮ ಊಟದ ಡಬ್ಬಿ ತೆಗೆದು ಅರ್ಧ ನನಗೆ ಕೊಟ್ಟರು. ಆ ವಾರವೇ ಮದುರೈಯ ಒಂದು ವಿಚಾರ ಸಂಕಿರಣಕ್ಕೆ ನಮ್ಮ ಸಾರಾಂಶ ಹೋಯಿತು; ವೇದಿಕೆಯಲ್ಲಿ ಮಾತಾಡಲು ಆಯ್ಕೆಯೂ ಆಯಿತು. ಮೇಡಂ ಚೆನ್ನೈಯ ಒಂದು ಸಂಶೋಧನಾಲಯದಲ್ಲಿದ್ದ ತಮ್ಮ ಹಳೆಯ ಪರಿಚಯದ ವಿಜ್ಞಾನಿಗೆ ಫೋನು ಮಾಡಿ ನನ್ನ ಬಗ್ಗೆ ಹೇಳಿದರು. ಈ ದತ್ತಾಂಶ ಹಿಡಿದುಕೊಂಡು ಬರಲಿ, ಪಿಎಚ್‌ಡಿಗೆ ತೆಗೆದುಕೊಳ್ಳುವ ಬಗ್ಗೆ ನೋಡೋಣ ಎಂದರಂತೆ ಅವರು.

ಮನೆಗೆ ಫೋನಿನಲ್ಲಿ ಹೇಳಿದ್ದು ನಾನೇ. ಅವ್ವ ಬೀದಿಗೆಲ್ಲ ಹೇಳಿದಳು. ಅಪ್ಪನ ಅಕ್ಕ, ನನ್ನ ಅತ್ತೆ, ಪಕ್ಕದ ಬೀದಿಯಲ್ಲಿದ್ದಾಳೆ. ಚಿಕ್ಕಂದಿನಲ್ಲಿ ಉತ್ತಮಪಾಳಯದ ಶಾಲೆಗೆ ಟೌನ್ ಬಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಬರುತ್ತಿದ್ದವಳು ಅವಳು. ಅವಳಿಗೆ ಸಕ್ಕರೆ ಕಾಯಿಲೆ, ಬಲಗಾಲಿನ ಕಿರುಬೆರಳಿನಲ್ಲಿ ಮಾಯದ ಹುಣ್ಣು. ನನ್ನ ಪುಡಿ ಕೀವಿನ ಬ್ಯಾಕ್ಟೀರಿಯಾವನ್ನು ಕೊಂದಿತು ಎಂದು ಕೇಳಿ ಅವಳೇ ನನಗೆ ಫೋನು ಮಾಡಿದಳು. ಔಷಧವಾಗಿ ಜನರ ಕೈಗೆ ಬರಲು ವರ್ಷಗಟ್ಟಲೆ ಬೇಕು, ಎಷ್ಟೋ ಸಲ ಬರುವುದೇ ಇಲ್ಲ ಎಂದೆ. ಹೂಂಗುಟ್ಟಿದಳು. ನಾನು ಸಂತೋಷದಲ್ಲಿದ್ದೆ. ಆ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಬೇಕಿತ್ತೋ ಅಷ್ಟು ಗಟ್ಟಿಯಾಗಿ ಹೇಳಿರಲಾರೆ.

ತೊಂದರೆ ಶುರುವಾದದ್ದು ಎನ್.ಎಂ.ಆರ್. ವರದಿಯಿಂದ. ಅಣುವಿನ ರಚನೆ ನಾವು ಅಂದುಕೊಂಡಂತೆಯೇ ಇದೆಯೇ ಎಂದು ತೋರಿಸುವ ಆ ಪರೀಕ್ಷೆಯ ಯಂತ್ರ ನಮ್ಮಲ್ಲಿಲ್ಲ. ಮಾದರಿಯನ್ನು ಹೊರಗೆ ಕಳಿಸಬೇಕು. ಉಳಿದ ಹನ್ನೊಂದರ ವರದಿಯಲ್ಲಿ ಸೂಜಿಯಂತೆ ಚೂಪಾದ ಗೆರೆಗಳು. ಏಳನೆಯದರಲ್ಲಿ ಗೆರೆಗಳೆಲ್ಲ ಊದಿಕೊಂಡು ಒಂದಕ್ಕೊಂದು ಅಂಟಿದ್ದವು. ಮಾದರಿ ದಟ್ಟವಾಗಿದ್ದಿರಬಹುದು, ಇನ್ನೊಮ್ಮೆ ಶುದ್ಧವಾಗಿ ಮಾಡಿ ಕಳಿಸು, ಲೇಖನಕ್ಕೆ ಈ ಚಿತ್ರ ಆಗುವುದಿಲ್ಲ ಎಂದರು ಮೇಡಂ.

ಆದ್ದರಿಂದ ಎರಡನೇ ಬಾರಿ ಮಾಡುವಾಗ ಎಲ್ಲವನ್ನೂ ವಿಧಾನದಲ್ಲಿ ಬರೆದಂತೆಯೇ ಮಾಡಿದೆ. ಅಮೋನಿಯಾ ನೀರು ಸುರಿದು ತೊಳೆದಾಗ ಕೆಳಗಿನ ಫ್ಲಾಸ್ಕಿಗೆ ಕಡು ನೀಲಿ ನೀರು ಇಳಿಯಿತು. ತಾಮ್ರ ಹೋಗುತ್ತಿದೆ, ಒಳ್ಳೆಯದೇ ಎಂದುಕೊಂಡು ಅದನ್ನು ತ್ಯಾಜ್ಯದ ಕ್ಯಾನಿಗೆ ಚೆಲ್ಲಿದೆ. ಪುಡಿ ಈ ಸಲ ಅಚ್ಚ ಬಿಳಿಯಾಗಿ ಬಂತು. ಎನ್.ಎಂ.ಆರ್. ವರದಿಯ ಗೆರೆಗಳು ಚೂಪಾಗಿ ಬಂದವು, ಅಣು ನಾವು ಬಯಸಿದ್ದೇ. ಲೇಖನಕ್ಕೆ ಇರಲಿ ಎಂದು ಹೊಸ ಪುಡಿಯನ್ನೂ ತಟ್ಟೆಯಲ್ಲಿ ಹಾಕಿದೆ.

ವೃತ್ತ ಬರಲಿಲ್ಲ.

ನನ್ನ ಕೈತಪ್ಪು ಎಂದುಕೊಂಡೆ. ಮತ್ತೆ ಮಾಡಿದೆ. ಬ್ಯಾಕ್ಟೀರಿಯಾ ಹಳೆಯದಾಗಿರಬಹುದೆಂದು ಹೊಸದಾಗಿ ಬೆಳೆಸಿದೆ, ಪುಡಿ ಕರಗಿಸುವ ದ್ರಾವಕದ ಹೊಸ ಸೀಸೆ ತೆರೆದೆ. ಅಣ್ಣ ಬೇಸರವಿಲ್ಲದೆ ಮತ್ತೆ ಮತ್ತೆ ಅಗರ್ ಸುರಿದುಕೊಟ್ಟರು. ಎರಡೂವರೆ ವಾರ ಹೀಗೆ ಹೋಯಿತು. ಒಂದೇ ತಟ್ಟೆಯಲ್ಲಿ ಹಳೆಯ ಹಸಿರು ಪುಡಿಯ ಸುತ್ತ ವೃತ್ತ, ಪಕ್ಕದ ಹೊಸ ಬಿಳಿ ಪುಡಿಯ ಸುತ್ತ ಏನೂ ಇಲ್ಲ. ಎರಡೂ ಒಂದೇ ಔಷಧ ಅಂತೀಯ, ಹಾಗಾದರೆ ಒಂದು ಸಾಯಿಸುತ್ತದೆ, ಒಂದು ಸಾಯಿಸುವುದಿಲ್ಲ, ಅದು ಹೇಗಮ್ಮ ಎಂದು ಅಣ್ಣ ಕೇಳಿದರು. ಮೇಡಂಗೆ ನಾನಿನ್ನೂ ಹೇಳಿರಲಿಲ್ಲ.

ಸಂಕಿರಣಕ್ಕೆ ಎಂಟು ದಿನವಿತ್ತು. ಆ ಶುಕ್ರವಾರ ಮೇಡಂ ಸ್ಲೈಡುಗಳನ್ನು ಕೇಳಿದರು. ಎನ್.ಎಂ.ಆರ್. ಚಿತ್ರಕ್ಕೆ ಹೊಸ ಪುಡಿಯದನ್ನು ಹಾಕಿದೆ, ತಟ್ಟೆಯ ಫೋಟೋಕ್ಕೆ ಹಳೆಯ ಪುಡಿಯದನ್ನು. ಎರಡೂ ಏಳನೆಯದೇ, ಸುಳ್ಳೇನಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಕಳಿಸಿ, ಊರಿಗೆ ಬಸ್ ಹತ್ತಿದೆ. ವತ್ತಲಗುಂಡು, ಪೆರಿಯಕುಳಂ, ತೇನಿ ದಾಟುವವರೆಗೂ ಕಣ್ಣು ಮುಚ್ಚಿಕೊಂಡಿದ್ದೆ; ನಿದ್ದೆ ಬರಲಿಲ್ಲ.

ತೋಟದಲ್ಲಿ ಬಳ್ಳಿ ಸವರುವ ಕವಾತು ಮುಗಿದು ಹೊಸ ಚಿಗುರು ಬಂದಿತ್ತು. ಎರಡು ದಿನ ಮೋಡ ಕಟ್ಟಿದ್ದರಿಂದ ಎಲೆಗೆ ಬೂಷ್ಟು ಹಿಡಿಯುವ ಮೊದಲೇ ಔಷಧ ಹೊಡೆಯಬೇಕೆಂದು ಶನಿವಾರ ಬೆಳಿಗ್ಗೆ ಅಪ್ಪ ಡ್ರಮ್ಮುಗಳನ್ನು ಚಪ್ಪರದ ಕೆಳಗೆ ಇಟ್ಟುಕೊಂಡಿದ್ದ. ಒಂದರಲ್ಲಿ ಕರಗಿಸಿದ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಬೆರೆಸಿ, ಕುಡುಗೋಲನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹತ್ತಿತ್ತು.

"ಸುಣ್ಣ ಪತ್ತಲ್ಲ ಮಗಾ, ಇನ್ನೊಂಚೂರು ಆಕು," ಅಂದ ಅಪ್ಪ. "ತುತ್ತ ಮಿಚ್ಚ ನಿಂತ್ರೆ ಬೂಷ್ಟೂ ಸಾಯ್ತದೆ, ಎಲೆನೂ ಸಾಯ್ತದೆ."

ಇದನ್ನು ನಾನು ನಡೆಯಲು ಕಲಿತಾಗಿನಿಂದ ನೋಡಿದ್ದೇನೆ. ಸುಣ್ಣ ಸಾಲದಿದ್ದರೆ ತಾಮ್ರ ಬಿಡಿಯಾಗಿ ಉಳಿಯುತ್ತದೆ, ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಮಗ್ಗಿನಲ್ಲಿ ಸುಣ್ಣದ ನೀರು ಎತ್ತಿಕೊಂಡವಳು ಸುರಿಯದೆ ನಿಂತುಬಿಟ್ಟೆ. ಕ್ಯಾನಿಗೆ ಚೆಲ್ಲಿದ ನೀಲಿ ನೀರು ನೆನಪಾಯಿತು. ಪಿರಿಡಿನ್ ಉಂಗುರ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಬಿ.ಫಾರ್ಮ್‌ನಲ್ಲೇ ಓದಿದ್ದೆ. ಉಳಿದ ಹನ್ನೊಂದರಲ್ಲಿ ಆ ಉಂಗುರವಿಲ್ಲ. ಅವುಗಳಲ್ಲಿದ್ದ ತಾಮ್ರ ಬರೀ ನೀರಿಗೇ ಹೊರಟುಹೋಗಿರಬೇಕು. ಏಳನೆಯದು ಮಾತ್ರ ತನ್ನ ತಾಮ್ರವನ್ನು ಬಿಟ್ಟಿರಲಿಲ್ಲ. ಹಸಿರು ಬಣ್ಣಕ್ಕೂ, ಎನ್.ಎಂ.ಆರ್.ನ ಊದಿದ ಗೆರೆಗಳಿಗೂ, ಆ ವೃತ್ತಕ್ಕೂ ತಾಮ್ರವೇ ಕಾರಣವಿರಬಹುದು. ಏನಾಯ್ತು ಎಂದು ಅಪ್ಪ ಕೇಳಿದ. ಏನಿಲ್ಲ ಎಂದು ಸುಣ್ಣ ಸುರಿದೆ.

ಮಧ್ಯಾಹ್ನ ಅತ್ತೆಯ ಮನೆಗೆ ಹೋದೆ. ಕಾಲಿಗೆ ಹಳೆ ಸೀರೆಯ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಹತ್ತಿರ ಹೋದರೆ ವಾಸನೆ. ತೇನಿ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್ ಮಾಡಿಸಬೇಕಿತ್ತು, ಹೋಗಿ ಮೂರು ವಾರವಾಗಿತ್ತು. ಬೆರಳು ತೆಗೆಯಬೇಕಾಗಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ.

"ಅವ್ರು ಬೆರಳ್ ವೆಟ್ಟ್‌ಬೇಕು ಅಂತಾರೆ," ಅಂದಳು ಅತ್ತೆ. "ನಿನ್ ಮರುಂದು ಬರ್ಲಿ ಅಂತ ನಾನು ಕಾಯ್ತಾ ಇವ್ನಿ."

ನಾಳೆಯೇ ಆಸ್ಪತ್ರೆಗೆ ಹೋಗೋಣ, ನನ್ನ ಮದ್ದಿಗೂ ನಿನ್ನ ಕಾಲಿಗೂ ಸಂಬಂಧವಿಲ್ಲ ಎಂದೆ. ಮದುರೈಯಲ್ಲಿ ನಿನ್ನದು ಆಗಲಿ, ಆಮೇಲೆ ನೋಡೋಣ ಎಂದು ನಕ್ಕಳು. ನನ್ನ ಕೈಯಲ್ಲಿ ಆಗ ಇದ್ದದ್ದು ಅನುಮಾನ ಮಾತ್ರ. ಅವ್ವನಿಗೆ ಹೇಳಿದೆ, ಅಪ್ಪನಿಗೂ ಹೇಳಿದೆ. ಅವಳು ಯಾರ ಮಾತೂ ಕೇಳಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟುಬಂದೆ.

ಸೋಮವಾರ ಅಣ್ಣನಿಂದ ಒಂದೇ ಒಂದು ತಟ್ಟೆ ಕೇಳಿದೆ. ಮೊದಲ ಕುಳಿಗೆ ಹಳೆಯ ಹಸಿರು ಪುಡಿ. ಎರಡನೆಯದಕ್ಕೆ ಹೊಸ ಬಿಳಿ ಪುಡಿ. ಮೂರನೆಯದಕ್ಕೆ ಅದೇ ಹಸಿರು ಪುಡಿಯಲ್ಲಿ ಸ್ವಲ್ಪವನ್ನು ಅಮೋನಿಯಾದಲ್ಲಿ ತೊಳೆದದ್ದು. ತೊಳೆಯುವಾಗ ನೀರು ನೀಲಿಯಾಗಿ ಪುಡಿ ನನ್ನ ಕಣ್ಣೆದುರೇ ಬಿಳಿಚಿತು. ನಾಲ್ಕನೆಯದಕ್ಕೆ ಹೊಸ ಬಿಳಿ ಪುಡಿ, ಜೊತೆಗೆ ಚೂರು ಮೈಲುತುತ್ತ. ನಡುವೆ ಎಂದಿನಂತೆ ಬರೀ ದ್ರಾವಕ.

ಮಂಗಳವಾರ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದವರು ಅಣ್ಣ. ಒಂದನೇ ಕುಳಿಗೂ ನಾಲ್ಕನೇ ಕುಳಿಗೂ ವೃತ್ತವಿತ್ತು. ಎರಡು ಮತ್ತು ಮೂರು ಖಾಲಿ. ಅಣ್ಣ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸ್ಟೂಲನ್ನು ಎಳೆದು ನನ್ನ ಪಕ್ಕ ಇಟ್ಟರು.

ಎಷ್ಟು ಹೊತ್ತು ಕೂತಿದ್ದೆನೋ. ಆ ತಟ್ಟೆಯ ವಿಷಯ ನನಗೂ ಅಣ್ಣನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸ್ಲೈಡುಗಳು ಮೇಡಂ ಕೈಯಲ್ಲಿದ್ದವು. ಮದುರೈಯಲ್ಲಿ ಹತ್ತು ನಿಮಿಷದ ಮಾತು, ಎರಡು ಪ್ರಶ್ನೆ, ಅಷ್ಟೇ. ಚೆನ್ನೈಯಲ್ಲಿ ಕೆಲಸ ಶುರುವಾದ ಮೇಲೆ ನಿಧಾನವಾಗಿ ನಾನೇ ಪತ್ತೆ ಮಾಡಿದಂತೆ ಹೇಳಬಹುದಿತ್ತು. ಇದನ್ನೆಲ್ಲ ನಾನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿದೆ. ಆದರೆ ಪ್ರತಿ ಸಲವೂ ಅತ್ತೆ ಕಾಲಿಗೆ ಸುತ್ತಿಕೊಂಡ ಆ ಬಟ್ಟೆ ನಡುವೆ ಬರುತ್ತಿತ್ತು. ತಟ್ಟೆಯನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಮೇಡಂ ಕೋಣೆಗೆ ಹೋದೆ.

ನಾನು ಹೇಳುವುದನ್ನು ಅವರು ಮಧ್ಯೆ ತಡೆಯದೆ ಕೇಳಿದರು. ಸ್ಲೈಡಿನಲ್ಲಿ ಎರಡು ಪುಡಿಗಳ ಚಿತ್ರಗಳನ್ನು ಬೆರೆಸಿದ್ದನ್ನೂ ಹೇಳಿದೆ. ನೋಟ್‌ಬುಕ್ಕನ್ನು ಮೊದಲನೇ ಪುಡಿಯಿಂದ ತಿರುವುತ್ತ ಹೋದರು. "ನೀರಿನಲ್ಲಿ ಮೂರು ಸಲ" ಎಂದು ಬರೆದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು. ಅಮೋನಿಯಾ ಬಿಡಲು ಯಾರು ಹೇಳಿದರು ಎಂದು ಕೇಳಿದರು. ಯಾರೂ ಹೇಳಲಿಲ್ಲ, ನಾನೇ ಎಂದೆ. ನೋಟ್‌ಬುಕ್ಕನ್ನು ಮುಚ್ಚಿದರು.

"ಪ್ರತಿ ಪುಟದ ಕೆಳಗೂ ನನ್ನ ಸಹಿ ಇದೆ," ಎಂದರು. "ಬಣ್ಣ ನಾನೂ ನೋಡಿದ್ದೆ. ಆ ಊದಿದ ಗೆರೆಗಳನ್ನೂ ನೋಡಿದ್ದೆ. ಹತ್ತು ವರ್ಷದ ಹಿಂದೆ ಆಗಿದ್ದರೆ ಲೋಹ ಇದೆಯಾ ಎಂದು ಮೊದಲು ಕೇಳುತ್ತಿದ್ದೆ. ಈ ಸಲ ಕೇಳಲಿಲ್ಲ. ನನಗೂ ಆ ವೃತ್ತ ಬೇಕಿತ್ತು."

ಅಳು ಬಂದದ್ದು ಆಗ. ಅತ್ತೆಯ ಕಾಲಿನ ವಿಷಯವೂ ಹೊರಗೆ ಬಂತು. ಮೇಡಂ ಗಡಿಯಾರ ನೋಡಿದರು. ಮದುರೈಯವರಿಗೆ ನಾನು ಬರೆಯುತ್ತೇನೆ, ನೀನು ಮೊದಲು ಊರಿಗೆ ಹೋಗು, ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದರು. ನಾನು ಹೊರಡುವ ಮುಂಚೆ, ನನ್ನೆದುರಿಗೇ ಚೆನ್ನೈಗೆ ಫೋನು ಮಾಡಿ ಆದದ್ದನ್ನು ಆದಂತೆ ಹೇಳಿದರು. ತಪ್ಪು ನಮ್ಮಿಬ್ಬರದು ಎಂದರು. ಆ ಕಡೆಯಿಂದ ಏನು ಬಂತೋ, ಸರಿ, ಸರಿ ಎಂದು ಎರಡು ಸಲ ಅಂದು ಇಟ್ಟುಬಿಟ್ಟರು. ಆ ವರ್ಷ ಆ ಜಾಗ ಬೇರೆಯವರಿಗೆ ಹೋಯಿತು.

ಊರು ಸೇರುವಾಗ ಸಂಜೆ. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಅತ್ತೆ, ನನ್ ಮರುಂದು ವೇಲೆ ಮಾಡಲ್ಲ. ಅದ್ರಲ್ಲಿ ತುತ್ತ ಸೇರ್ಕೊಂಡಿತ್ತು, ಸಾಯ್ಸಿದ್ದು ಅದು. ನಾನು ತಪ್ಪಾಗಿ ಸೊಲ್ಲಿಬಿಟ್ಟೆ."

ಅವಳು ಬೀದಿಯ ಕಡೆ ನೋಡಿದಳು.

"ಬೇರೆ ಮರುಂದು ಏನೂ ಇಲ್ವಾ?"

"ಇಲ್ಲ ಅತ್ತೆ."

"ಅಪ್ಪೊ ನಾಳೆ ತೇನಿಗೆ ನೀನೂ ಬತ್ತೀಯಾ?"

ಬರುತ್ತೇನೆ ಎಂದೆ. ಅವಳು ನನ್ನ ಹೆಗಲು ಹಿಡಿದು ಎದ್ದು, ಒಳಗೆ ಹೋಗಿ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದಳು.

ಡಾಕ್ಟರು ಬೈಯಲಿಲ್ಲ. ಕಿರುಬೆರಳು ಉಳಿಯುವುದಿಲ್ಲ, ಇನ್ನೂ ತಡವಾಗಿದ್ದರೆ ಪಾದದ ಮಾತಾಡಬೇಕಿತ್ತು ಎಂದರು. ಗುರುವಾರ ಬೆರಳು ತೆಗೆದರು. ಆ ಮೂರು ವಾರದಲ್ಲಿ ನನ್ನ ಪಾಲೆಷ್ಟು, ಅವಳ ಭಯದ ಪಾಲೆಷ್ಟು ಎಂದು ನಾನು ಈಗಲೂ ಲೆಕ್ಕ ಹಾಕಲಾರೆ. ಮೊದಲೇ ಹೋಗಿದ್ದರೂ ಬೆರಳು ಹೋಗುತ್ತಿತ್ತೇನೋ ಎಂದು ನರ್ಸು ಸಮಾಧಾನಕ್ಕೆ ಹೇಳಿದಳು. ಸಮಾಧಾನ ಆಗಲಿಲ್ಲ.

ಶನಿವಾರ ಮದುರೈಗೆ ಹೋದೆವು. ಮೇಡಂ ಬರೆದ ಪತ್ರ ನೋಡಿ ಸಂಘಟಕರು ನಮ್ಮನ್ನು ವೇದಿಕೆಯಿಂದ ತೆಗೆದು ಪೋಸ್ಟರುಗಳ ಸಾಲಿನ ಕೊನೆಗೆ ಹಾಕಿದ್ದರು. ನಾಲ್ಕು ಕುಳಿಗಳ ತಟ್ಟೆಯ ಫೋಟೋ ಅಂಟಿಸಿಕೊಂಡು ನಿಂತೆ. ಬಂದವರಲ್ಲಿ ಹೆಚ್ಚಿನವರು ತಲೆಬರಹ ಓದಿ ಮುಂದೆ ಹೋದರು. ಇದನ್ನು ಹೇಳಲು ಇಷ್ಟು ದೂರ ಬರಬೇಕಿತ್ತೇ ಎಂದು ಒಬ್ಬರು ಕೇಳಿಯೂ ಬಿಟ್ಟರು. ಮಧ್ಯಾಹ್ನದ ಮೇಲೆ ಬೇರೆ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಬಂದು, ಸುತ್ತ ಯಾರಿಲ್ಲ ಎಂದು ನೋಡಿಕೊಂಡು, ತನ್ನದೂ ಒಂದು ಪುಡಿ ಹಸಿರಾಗಿದೆ, ಹೇಗೆ ತೊಳೆಯುವುದು ಎಂದು ಕೇಳಿದಳು. ಅಮೋನಿಯಾ ಎಷ್ಟು ತೆಳುವಾಗಿರಬೇಕು ಎಂಬುದನ್ನು ಅವಳ ಅಂಗೈ ಮೇಲೆಯೇ ಪೆನ್ನಿನಲ್ಲಿ ಬರೆದುಕೊಟ್ಟೆ.

ಆಮೇಲೆ ಹನ್ನೆರಡನ್ನೂ ಮತ್ತೆ ಮಾಡಿದೆ. ನನ್ನ ತರಗತಿಯವರು ಪ್ರಬಂಧ ಒಪ್ಪಿಸಿ ಹಾಸ್ಟೆಲ್ ಖಾಲಿ ಮಾಡಿ ಹೋದ ಮೇಲೂ ನಾನೊಬ್ಬಳು ಫ್ಲಾಸ್ಕು ತಿರುಗಿಸುತ್ತ ಉಳಿದೆ. ಮೇಡಂ ದಿನಾ ಬಂದು ಪುಡಿಯ ಬಣ್ಣ ನೋಡಿ, ತೊಳೆದ ನೀರಿನ ಬಣ್ಣವನ್ನೂ ನೋಡಿ ಆಮೇಲೆ ಸಹಿ ಹಾಕುತ್ತಿದ್ದರು. ಹನ್ನೆರಡರಲ್ಲಿ ಒಂದೂ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ. ಎರಡು ಅದರ ಬೆಳವಣಿಗೆಯನ್ನು ಸ್ವಲ್ಪ ನಿಧಾನ ಮಾಡಿದವು, ಹೇಳಿಕೊಳ್ಳುವಷ್ಟಲ್ಲ. ಪ್ರಬಂಧದಲ್ಲಿ ಹಾಗೆಯೇ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ತಾಮ್ರದ ಅಧ್ಯಾಯದ ಬಗ್ಗೆಯೇ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ ಪಾಸು ಮಾಡಿದರು.

ಅದಾದ ವಾರ ಅತ್ತೆಯ ಕೊನೆಯ ಡ್ರೆಸ್ಸಿಂಗ್ ಇತ್ತು. ತೇನಿಗೆ ನಾನೇ ಕರೆದುಕೊಂಡು ಹೋದೆ. ಹೊಸದಾಗಿ ಸೇರಿದ್ದ ನರ್ಸು ಬ್ಯಾಂಡೇಜು ಬಿಚ್ಚಿ, ಚೆನ್ನಾಗಿ ಮಾಗಿದೆ, ಇನ್ನು ಬರುವುದು ಬೇಡ ಎಂದಳು. ನನ್ನನ್ನು ತೋರಿಸಿ ಮಗಳೇ ಎಂದು ಕೇಳಿದಳು. ತಮ್ಮನ ಮಗಳು, ಮದ್ದು ಮಾಡುವ ಓದು ಓದಿದವಳು ಎಂದು ಅತ್ತೆ ತಮಿಳಿನಲ್ಲಿ ಹೇಳಿದಳು. ಹೌದಾ, ಏನು ಮದ್ದು ಮಾಡಿದಳು ಎಂದು ನರ್ಸು ಹತ್ತಿ ಎತ್ತಿಡುತ್ತ ಕೇಳಿದಳು. ನಾನು ನೆಲ ನೋಡಿದೆ.

"ಹುಣ್ಣಿಗೆ ಒಂದು ಮಾಡಿದಳು," ಎಂದಳು ಅತ್ತೆ. "ಅದು ಕೆಲಸ ಮಾಡಲಿಲ್ಲ. ಮಾಡುವುದಿಲ್ಲ ಅಂತ ಗೊತ್ತಾದ ದಿನವೇ ದಿಂಡಿಗಲ್ಲಿಂದ ಬಸ್ ಹಿಡಿದು ಬಂದು ನನಗೆ ಹೇಳಿದಳು."

ಇದರಲ್ಲಿ ಹೆಮ್ಮೆಪಡುವುದೇನಿದೆ ಎಂಬಂತೆ ನರ್ಸು ನಮ್ಮಿಬ್ಬರ ಮುಖವನ್ನೂ ನೋಡಿದಳು. ಅತ್ತೆ ನನ್ನ ಕೈ ಹಿಡಿದುಕೊಂಡು ಮಂಚದಿಂದ ಇಳಿದು, ಪಾದವನ್ನು ಪೂರ್ತಿ ನೆಲಕ್ಕೆ ಊರಿ ನಿಂತಳು.